ಎರಡು ಕಬರುಗಳ ನಡುವೆ ನಿಂತ ಕೋಲು

ನಾವು ಹೋಗಿ ಇಳಿದಾಗ ಬೆಳಿಗ್ಗೆ ಒಂಬತ್ತೂವರೆ. ರಸ್ತೆಯ ಆ ತುದಿಗೆ ಗುಡಿಯವರು ನಿಂತಿದ್ದರು, ಈ ತುದಿಗೆ ಜಮಾತಿನವರು. ನಡುವೆ ಡಾಂಬರಿನ ಮೇಲೆ ಒಂದು ಪೊಲೀಸ್ ಜೀಪು. ಅದಕ್ಕೆ ಬೆನ್ನು ಆನಿಸಿ ಫೌಜದಾರರು, ಪಕ್ಕದಲ್ಲಿ ಇಬ್ಬರು ಪೇದೆಗಳು. ಗುಡಿಯವರ ಮುಂದೆ ಊರ ಗೌಡರಿದ್ದರು. ಎಪ್ಪತ್ತು ದಾಟಿದ ಜೀವ, ಹಣೆಯ ತುಂಬ ವಿಭೂತಿ, ಕಂಕುಳಲ್ಲಿ ಮಡಚಿದ ಛತ್ರಿ. ಅವರಿಗೆ ಹೆಗಲು ಹಚ್ಚಿ ಗುಡಿ ಕಮಿಟಿಯ ಕಾರ್ಯದರ್ಶಿ, ನಲವತ್ತರ ಆಸುಪಾಸಿನವನು, ನಿಂತಲ್ಲಿ ನಿಲ್ಲದವನು. ಜಮಾತಿನವರ ಮುಂದೆ ಮುತವಲ್ಲಿ, ಅಂದರೆ ಮಸೀದಿ ಮತ್ತು ಕಬರಸ್ತಾನದ ಉಸ್ತುವಾರಿ ನೋಡುವ ಹಿರಿಯರು; ಊರ ಹೊರಗೆ ಅವರದು ಇಟ್ಟಂಗಿ ಭಟ್ಟಿ. ಅವರ ಹಿಂದೆ ಒಬ್ಬ ಮನುಷ್ಯ ಯಾರ ಮುಖವನ್ನೂ ನೋಡದೆ ರಸ್ತೆಯಂಚಿನ ಕಲ್ಲಿನ ಮೇಲೆ ಕುಳಿತಿದ್ದ. ಅವನ ತಂದೆ ಹಿಂದಿನ ಸಂಜೆ ತೀರಿಕೊಂಡಿದ್ದರು.

ಇಷ್ಟು ಮಂದಿಯ ನಡುವೆ ನಾನು ಮತ್ತು ನನ್ನ ಸರಪಳಿ ಹಿಡಿಯುವ ಮಾಮಾ. ನಾನು ಪರವಾನಗಿ ಪಡೆದ ಭೂಮಾಪಕ, ಮನೆ ಬೆಳಗಾವಿಯ ಶಿವಬಸವ ನಗರದಲ್ಲಿ. ಖಾನಾಪುರದ ಕಡೆ ನಮ್ಮ ಕೆಲಸಕ್ಕೆ ಮೋಜಣಿ ಎನ್ನುತ್ತಾರೆ, ನಮಗೆ ಮೋಜಣಿ ಸಾಹೇಬರು. ಮಾಮಾ ದೇಸೂರಿನವರು, ನನಗಿಂತ ಹತ್ತು ವರ್ಷ ಹಿರಿಯರು. ಮನೆಯಲ್ಲಿ ಮರಾಠಿ, ಹೊಲದಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ.

ಕೆಲಸ ನೋಡಿದರೆ ಸಣ್ಣದೇ. ರಸ್ತೆಯ ಮೂಡಣಕ್ಕೆ, ಉತ್ತರದಲ್ಲಿ ಗುಡಿಯ ಹೊಲ, ದಕ್ಷಿಣದಲ್ಲಿ ಕಬರಸ್ತಾನ. ನಡುವೆ ಬೇಲಿಯೂ ಇಲ್ಲ, ಬದುವೂ ಇಲ್ಲ. ಮಳೆ ಮುಗಿದ ಕಾಲವಾದ್ದರಿಂದ ಎದೆಯುದ್ದ ಹುಲ್ಲು. ಕಬರಸ್ತಾನಕ್ಕೆ ಕಂಪೌಂಡ್ ಕಟ್ಟಿಸುತ್ತೇವೆಂದು ಜಮಾತಿನವರು ಹೊರಟಿದ್ದರು. ನಮ್ಮ ಹೊಲ ಒಳಗೆ ಹೋಗುತ್ತದೆಂದು ಗುಡಿಯವರು ತಡೆದಿದ್ದರು. ಎರಡು ಸಲ ಕೈಗೆ ಕೈ ಹತ್ತಿ, ಕೊನೆಗೆ ಇಬ್ಬರೂ ಕೂಡಿ ಹದ್ದಬಸ್ತಿಗೆ, ಎಂದರೆ ಗಡಿ ಅಳೆದು ಗುರುತು ಹಾಕುವುದಕ್ಕೆ, ಅರ್ಜಿ ಕೊಟ್ಟರು. ನೋಟೀಸು ಹೋಗಿ ದಿನ ಗೊತ್ತಾಗಿತ್ತು. ಆ ದಿನದ ಹಿಂದಿನ ಸಂಜೆಯೇ ಬರಬೇಕೇ ಸಾವು!

ತೀರಿಕೊಂಡವರನ್ನು ಎರಡೂ ಕಡೆಯವರು ಕಲಾಯಿ ಅಜ್ಜ ಎನ್ನುತ್ತಿದ್ದರು. ತಾಮ್ರ, ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುತ್ತ ಆ ಸುತ್ತಿನ ಊರೆಲ್ಲ ತಿರುಗಿದವರು. ಅವರ ಹೆಂಡತಿಯ ಕಬರು ಇದ್ದದ್ದು ಕಬರಸ್ತಾನದ ಉತ್ತರದ ಅಂಚಿಗೆ, ಸರಿಯಾಗಿ ತಕರಾರಿನ ಪಟ್ಟಿಯಲ್ಲಿ. ಅದರ ಪಕ್ಕದಲ್ಲೇ ಬೆಳಗಾಗುವಷ್ಟರಲ್ಲಿ ಹೊಸ ಕಬರು ತೋಡಿದ್ದರು. ಹಸಿ ಕೆಂಪು ಮಣ್ಣಿನ ಗುಡ್ಡೆ ರಸ್ತೆಗೇ ಕಾಣುತ್ತಿತ್ತು.

“ಮೋಜಣಿ ದಿನಾನ ಕುಣಿ ತಗದಾರಲ್ರಿ, ಇದರ ಅರ್ಥ ಏನು?” ಕಾರ್ಯದರ್ಶಿ ನನ್ನನ್ನೇ ಕೇಳಿದ, ನಾನೇ ತೋಡಿದ ಹಾಗೆ. “ಜಾಗಾ ಹಿಡಿಯೂ ಹುನ್ನಾರ ಇದು.”

“ಸಾವೇನ ತಾರೀಖ ನೋಡಿ ಬರತೈತೇನೋ ತಮ್ಮಾ?” ಎಂದರು ಮುತವಲ್ಲಿ.

ಕಲ್ಲಿನ ಮೇಲೆ ಕುಳಿತ ಮಗ ಆಗ ತಲೆ ಎತ್ತಿದ. ಬೆಳಗಾವಿಯ ಶಹಾಪುರದಲ್ಲಿ ಪಾವರ್‌ಲೂಮಿನ ಮುಂದೆ ದುಡಿಯುವವನು; ಮಗ್ಗದ ಸದ್ದಿನಲ್ಲಿ ಬದುಕಿದವರಂತೆ ಅವನ ದನಿ ಸ್ವಲ್ಪ ಎತ್ತರ. “ಅಬ್ಬಾ ಒಂದ ಮಾತ ಕೇಳ್ಯಾರ್ರಿ. ನಿಮ್ಮ ಅಮ್ಮನ ಬಾಜೂಕ ಇಡ್ರಿ ಅಂತ. ಮತ್ತೇನೂ ಕೇಳಿದವ್ರಲ್ಲ ಅವ್ರು.”

ಫೌಜದಾರರು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದರು. “ಸಾಹೇಬ್ರ, ನಿಮ್ಮ ಗೆರಿ ಬೀಳೂತನಾ ಮಣ್ಣ ಇಲ್ಲ. ಇಬ್ಬರ ಕಡಿಂದೂ ಒಪ್ಪಿಸೀನಿ. ಆದ್ರ ಅಸರ್ ನಮಾಜಿನೊಳಗ, ಅಂದ್ರ ನಾಕರೊಳಗ, ಮುಗೀಬೇಕು. ಹೆಣಾ ಮನ್ಯಾಗ ಇಟ್ಕೊಂಡು ಎಷ್ಟೊತ್ತ ಕುಂದರ್ತಾರ? ಸುರು ಮಾಡ್ರಿ.”

ಸುರು ಮಾಡುವುದೆಂದರೆ ಸರಪಳಿ ಬಿಚ್ಚುವುದಲ್ಲ. ಮೊದಲು ನೋಟೀಸು ಓದಬೇಕು, ಹಾಜರಿದ್ದವರ ಸಹಿ ಹೆಬ್ಬೆರಳು ಹಾಕಿಸಬೇಕು, ಹಳೆಯ ಟಿಪ್ಪಣಿಯ, ಅಂದರೆ ಮೊದಲ ಅಳತೆಯ ದಾಖಲೆಯ, ನಕಲನ್ನು ಎಲ್ಲರಿಗೂ ಕಾಣುವಂತೆ ಬಿಚ್ಚಿ ಯಾವ ಕಲ್ಲಿನಿಂದ ಯಾವ ಕಲ್ಲಿಗೆ ಎಷ್ಟು ಎಂದು ಹೇಳಬೇಕು. ನಮ್ಮ ಕಡೆಯ ಹಳೆಯ ಲೆಕ್ಕದಲ್ಲಿ ಒಂದು ಸರಪಳಿ ಎಂದರೆ ಮೂವತ್ತಮೂರು ಅಡಿ, ಅದರಲ್ಲಿ ಹದಿನಾರು ಆಣೆ. ಒಂದಾಣೆ ಎಂದರೆ ಎರಡು ಅಡಿಗಿಂತ ಒಂದು ಎಳ್ಳಷ್ಟು ಹೆಚ್ಚು. ಇದನ್ನೆಲ್ಲ ನಾನು ನಿಧಾನವಾಗಿ, ಒಮ್ಮೆ ಗೌಡರ ಕಡೆ ಒಮ್ಮೆ ಮುತವಲ್ಲಿಯ ಕಡೆ ನೋಡುತ್ತ ಹೇಳಿದೆ. ಜನ ಸಿಟ್ಟಿನಲ್ಲಿದ್ದಾಗ ಕಾಗದ ಓದುವುದು ಒಳ್ಳೆಯದು. ಕಿವಿ ಕೊಡಬೇಕಾಗುವುದರಿಂದ ಬಾಯಿ ಸ್ವಲ್ಪ ಸುಮ್ಮನಿರುತ್ತದೆ.

ಗಡಿಯ ಎರಡು ತುದಿಗೆ ಎರಡು ಕಲ್ಲು ಇರಬೇಕು. ಪಡುವಣದ್ದು ರಸ್ತೆಯ ಅಂಚಿಗೇ ಇತ್ತು. ಅದರ ಮೇಲೆಯೇ ಮಗ ಕುಳಿತದ್ದು. ಅವನನ್ನು ಎಬ್ಬಿಸಿ, ಗುಡಿ ಹೊಲದ ವಾಯವ್ಯ ಮೂಲೆಯಿಂದ ಆ ಕಲ್ಲಿಗೆ ಅಳೆದೆವು. ಕಾಗದದಲ್ಲಿ ಐದು ಸರಪಳಿ ಎರಡಾಣೆ. ನಮ್ಮ ಸರಪಳಿ ಹೇಳಿದ್ದು ಐದು ಸರಪಳಿ ಐದೂವರೆ ಆಣೆ. ಇನ್ನೊಮ್ಮೆ ಎಳೆದೆವು, ಅದೇ. ಕಬರಸ್ತಾನದ ನೈರುತ್ಯ ಮೂಲೆಯಿಂದ ಬಂದರೆ ಅಲ್ಲಿ ಮೂರೂವರೆ ಆಣೆ ಕಡಿಮೆ. ಎರಡೂ ಮಾತು ಒಂದೇ: ಆ ಕಲ್ಲು ತನ್ನ ಜಾಗದಲ್ಲಿಲ್ಲ, ಏಳಡಿ ದಕ್ಷಿಣಕ್ಕೆ, ಅಂದರೆ ಕಬರಸ್ತಾನದೊಳಕ್ಕೆ ಸರಿದಿದೆ.

ನಾನು ಏಳಡಿ ಉತ್ತರಕ್ಕೆ ನಡೆದು ಅಲ್ಲಿ ಕೆಂಪು ಬಿಳಿ ಬಣ್ಣದ ಮೋಜಣಿ ಕೋಲು ಊರಿದಾಗ ಕಾರ್ಯದರ್ಶಿ ಹಾರಿ ಬಂದ. “ಕಲ್ಲ ಇಲ್ಲೈತಿ, ನೀವು ಕೋಲ ಅಲ್ಲಿ ಊರಾಕತ್ತೇರಿ! ಯಾರು ಹೇಳಿಕೊಟ್ಟಾರು ನಿಮಗ?”

“ಸರಪಳಿ ಹೇಳೇತಿ,” ಎಂದರು ಮಾಮಾ, ಬೆವರು ಒರೆಸುತ್ತ. “ಅದಕ್ಕ ಜಾತ ಇಲ್ಲ ಪಾತ ಇಲ್ಲ. ಎಳದಷ್ಟ ಬರತೈತಿ.”

ಗೌಡರು ಛತ್ರಿಯ ತುದಿಯಿಂದ ಕಲ್ಲನ್ನು ತಟ್ಟಿ ನೋಡಿದರು. “ರಸ್ತಾ ಅಗಲ ಮಾಡಿದಾಗ ಇದನ್ನ ಕಿತ್ತ ಒಗದಿದ್ರು. ಮತ್ತ ನೆಟ್ಟವರು ಯಾರು, ಎಲ್ಲಿ ನೆಟ್ಟರು, ನಾ ಅಂತೂ ನೋಡಿಲ್ಲ,” ಎಂದರು. ತಮ್ಮವರಿಗೇ ವಿರುದ್ಧವಾಗಿ ತಿರುಗುವ ಮಾತನ್ನು ಅವರು ಆಡಿದ್ದು ನನಗೆ ಧೈರ್ಯ ಕೊಟ್ಟಿತು. ಕಾರ್ಯದರ್ಶಿಗೆ ಅಷ್ಟೇ ಸಿಟ್ಟು ತಂದಿತು.

ಮೂಡಣದ ಕಲ್ಲು ಹಳ್ಳದ ದಂಡೆಯ ಮಣ್ಣಿನಲ್ಲಿ ಹೂತುಹೋಗಿತ್ತು. ಅದನ್ನು ಹುಡುಕುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂತು. ಮಾಮಾ ಹಾರೆಯಿಂದ ಚುಚ್ಚುತ್ತ ಚುಚ್ಚುತ್ತ ಹೋಗಿ, ಕಲ್ಲಿಗೆ ಕಬ್ಬಿಣ ತಾಗಿದ ಸದ್ದಿಗೆ “ಸಾಪಡ್ಲಾ!” ಎಂದು ಕೂಗಿದಾಗ ಒಂದು ಗಂಟೆ. ಸಿಕ್ಕಿತು ಎಂಬ ಆ ಮರಾಠಿ ಮಾತು ನನಗೆ ಆ ದಿನ ಕೇಳಿದ ಮೊದಲ ಒಳ್ಳೆಯ ಮಾತು.

ಇನ್ನು ಉಳಿದದ್ದು ಎರಡು ತುದಿಗಳ ನಡುವೆ ಗೆರೆ ಹಿಡಿಯುವುದು, ಒಟ್ಟು ಆರು ಸರಪಳಿ ಉದ್ದ. ಅದರ ವಿಧಾನ ಇಷ್ಟೇ. ನಾನು ಮೂಡಣ ಕಲ್ಲಿನ ಮೇಲೆ ನಿಂತು ಪಡುವಣದ ಕೋಲನ್ನು ನೋಡಬೇಕು. ನಡುವೆ ಒಬ್ಬರು ಇನ್ನೊಂದು ಕೋಲು ಹಿಡಿದಿರಬೇಕು. ನನ್ನ ಕೈಸನ್ನೆಗೆ ತಕ್ಕಂತೆ ಅವರು ಆಚೀಚೆ ಸರಿದು, ಮೂರೂ ಒಂದೇ ಸಾಲಿಗೆ ಬಂದಾಗ ಅದು ಗಡಿ. ಪಡುವಣದ ಕೋಲು ರಸ್ತೆಯ ಏರಿಯ ಮೇಲಿದ್ದುದರಿಂದ ಕಾಣುತ್ತಿತ್ತು. ನಡುವಿನದು ಹುಲ್ಲಿನಲ್ಲಿ ಮುಳುಗಿಹೋಗುತ್ತದೆ; ಅದಕ್ಕೆ ತುದಿಗೆ ಬಾವುಟದ ಬಟ್ಟೆ ಕಟ್ಟುತ್ತೇವೆ.

ನನ್ನ ಬಾವುಟದ ಬಟ್ಟೆಗಳು ಆ ಹೊತ್ತಿಗೆ ಶಿವಬಸವ ನಗರದಲ್ಲಿ ನಮ್ಮ ಮಾಳಿಗೆಯ ತಂತಿಯ ಮೇಲೆ ಒಣಗುತ್ತಿದ್ದವು. ಕೆಸರಾಗಿವೆ ಎಂದು ಮನೆಯಾಕೆ ತೊಳೆದು ಹಾಕಿದ್ದಳು. ತೆಗೆದುಕೊಳ್ಳಲು ಮರೆತವನು ನಾನು.

“ಮಾಮಾ, ಯಾವದರ ಎದ್ದ ಕಾಣೂ ಅರಿವಿ ತಗೊಂಬರ್ರಿ,” ಎಂದೆ. ಮಾಮಾ ಹತ್ತಿರವಿದ್ದ ಗುಡಿಯ ಕಟ್ಟೆಗೆ ಹೋಗಿ ಒಂದು ಬಟ್ಟೆ ಕೇಳಿ ತಂದರು. ಕೋಲಿನ ತುದಿಗೆ ಕಟ್ಟಿದೆವು. ನಾನೇ ಹುಲ್ಲಿನಲ್ಲಿ ನಡೆದು, ಅಂದಾಜಿನ ಜಾಗದಲ್ಲಿ ಕೋಲು ಊರಿ, ಮಾಮಾನನ್ನು ಅಲ್ಲಿ ನಿಲ್ಲಿಸಿ, ಮೂಡಣ ಕಲ್ಲಿಗೆ ಮರಳಿದೆ. ತಿರುಗಿ ನೋಡಿದರೆ ಬಲು ಚೆನ್ನಾಗಿ ಕಾಣುತ್ತಿತ್ತು. ನನಗೆ ಕಂಡದ್ದು ಬಣ್ಣ ಮಾತ್ರ. ಹಸಿರು ಹುಲ್ಲಿನ ಮೇಲೆ ಕೇಸರಿಯಷ್ಟು ಎದ್ದು ಕಾಣುವ ಬಣ್ಣ ಇನ್ನೊಂದಿಲ್ಲ ಎಂದು ಮೆಚ್ಚಿಕೊಂಡೆ ಕೂಡ. ಮೂವತ್ತು ವರ್ಷ ಕೋಲು ನೋಡಿದ ಕಣ್ಣಿಗೆ ಕೋಲಿನ ತುದಿಯ ಬಟ್ಟೆ ಬರೀ ಬಟ್ಟೆ.

ಕೂಗು ಎದ್ದದ್ದು ಆಗ.

ಕಬರಸ್ತಾನದ ಒಳಗೆ, ಆ ಎರಡು ಕಬರುಗಳಿಗಿಂತ ಹನ್ನೆರಡಡಿ ದಕ್ಷಿಣಕ್ಕೆ, ಗುಡಿಯ ಕೇಸರಿ ಬಾವುಟ, ಭಗವಾ, ಹಾರಾಡುತ್ತಿತ್ತು. ನಾನು ಹುಲ್ಲು ಸೀಳಿಕೊಂಡು ಓಡಿ ಬರುವಷ್ಟರಲ್ಲಿ ಜಮಾತಿನ ಜನ ಒಂದು ಕಡೆಯಿಂದ, ಗುಡಿಯ ಜನ ಇನ್ನೊಂದು ಕಡೆಯಿಂದ ನುಗ್ಗಿ ಬಂದಿದ್ದರು. ನಡುವೆ ಮಾಮಾ ಕೋಲನ್ನು ತಬ್ಬಿಕೊಂಡು ನಿಂತಿದ್ದರು.

“ಕಬರಸ್ತಾನದಾಗ ಝೆಂಡಾ ಊರ್ತಾರ! ಮೋಜಣಿ ಅಂದ್ರ ಇದಾ?”

“ಸಾಹೇಬ್ರ, ಕಿತ್ತ ಒಗೀರಿ ಅದನ್ನ!” ಎಂದರು ಫೌಜದಾರರು. ನಾನು ಕೋಲಿಗೆ ಕೈ ಹಾಕಿದೆ. ಕಾರ್ಯದರ್ಶಿ ನನ್ನ ಮಣಿಕಟ್ಟು ಹಿಡಿದ.

“ಕಟ್ಟಿದವ್ರು ನೀವು. ಕಟ್ಟೂದೇನೋ ಕಟ್ಟೀರಿ. ಇನ್ನ ಭಗವಾ ಯಾರರ ಕಿತ್ತಾಕಿದ್ರ ಅಂವನ ಕೈ ಉಳಿಯಂಗಿಲ್ಲ.”

ಅವನ ಮಾತಿನಲ್ಲಿ ಇದ್ದ ಇಕ್ಕಟ್ಟು ನನಗೆ ಆಗ ಪೂರಾ ತಿಳಿಯಿತು. ಕೋಲು ಇದ್ದರೆ ಅದು ಕಬರಸ್ತಾನಕ್ಕೆ ಅವಮಾನ. ಕಿತ್ತರೆ ಅದು ಭಗವಾಕ್ಕೆ ಅವಮಾನ. ಬಿಚ್ಚುವ ಹಾಗಿಲ್ಲ, ಬಿಡುವ ಹಾಗಿಲ್ಲ. ಅಷ್ಟರಲ್ಲಿ ರಸ್ತೆಯ ಮೇಲಿನ ಯಾರೋ ಮೊಬೈಲಿನಲ್ಲಿ ಹಿಡಿದು ಕಳಿಸಿಯೂ ಆಗಿತ್ತು. ಒಂದೇ ಚಿತ್ರ, ಎರಡು ಬರಹ. ಒಂದರಲ್ಲಿ ಗೆದ್ದೆವು ಎಂದಿತ್ತು, ಇನ್ನೊಂದರಲ್ಲಿ ಬನ್ನಿ ಎಂದಿತ್ತು.

ಫೌಜದಾರರ ಫೋನು ಬಡಿದುಕೊಳ್ಳಲು ಶುರುವಾಯಿತು. ಮಾತಾಡಿ ಕಿಸೆಯಲ್ಲಿಟ್ಟು ನನ್ನ ಕಿವಿಯ ಹತ್ತಿರ ಬಂದರು. “ಬೆಳಗಾವಿಂದ ಗಾಡಿ ಬಿಟ್ಟಾವು. ಎರಡೂ ಕಡಿದು. ಮೂರನೇ ರೈಲ್ವೆ ಗೇಟ್ ದಾಟ್ಯಾವಂತ. ನಿಮಗ ತಲಿ ಐತೇನ್ರಿ ಸಾಹೇಬ್ರ? ಜಗತ್ತಿನ್ಯಾಗ ಬಿಳೇ ಅರಿವಿ ಸಿಗಲಿಲ್ಲೇನು?”

ಸಿಗುತ್ತಿತ್ತು. ನನ್ನ ಹೆಗಲ ಮೇಲೆಯೇ ಒಂದು ಟವೆಲ್ ಇತ್ತು.

ಆ ಗದ್ದಲದಲ್ಲಿ ಮಾಮಾ ಕೋಲು ಬಿಡದೆ ನನ್ನತ್ತ ನೋಡಿ ಕೇಳಿದರು, “ಸಾಹೇಬ್ರ, ನಾ ಎಷ್ಟೊತ್ತ ನಿಂದರಲಿ? ಮುಂದ ಸರೀಲೋ ಬ್ಯಾಡೋ?”

ದಿನಾ ಕೇಳುವ ಪ್ರಶ್ನೆಯೇ. ಆ ಪ್ರಶ್ನೆ ನನಗೆ ದಾರಿ ತೋರಿಸಿತು. ಮೋಜಣಿಯ ಕೋಲು ಒಂದು ಕಡೆ ನಿಲ್ಲುವ ವಸ್ತುವಲ್ಲ. ಕಿತ್ತು ಒಗೆಯುವುದು ಬೇರೆ, ಕೆಲಸದ ಪ್ರಕಾರ ಮುಂದಿನ ಜಾಗಕ್ಕೆ ಹೋಗುವುದು ಬೇರೆ. ಸಾಲು ಸಿಗುವ ತನಕ ಅದು ಆಚೀಚೆ ಸರಿಯಬೇಕು, ಸಿಕ್ಕ ಮೇಲೆ ಒಂದೊಂದು ಸರಪಳಿಗೆ ಒಂದೊಂದು ಹೆಜ್ಜೆ ಇಟ್ಟು ಪಡುವಣಕ್ಕೆ ಹೋಗಬೇಕು. ಹೋದರೆ ತಾನಾಗಿಯೇ ರಸ್ತೆಗೆ ಮುಟ್ಟುತ್ತದೆ. ಕೀಳುವವರು ಯಾರೂ ಇರುವುದಿಲ್ಲ.

ನಾನು ಜೀಪಿನ ಹತ್ತಿರ ಹೋಗಿ ಫೌಜದಾರರ ಧ್ವನಿವರ್ಧಕ ಕೇಳಿದೆ. ಅವರು ಕೊಟ್ಟರು. “ತಪ್ಪ ನಂದು,” ಎಂದೆ. “ಬಾವುಟದ ಅರಿವಿ ಮನ್ಯಾಗ ಬಿಟ್ಟ ಬಂದೀನಿ. ಕಾಣೂ ಅರಿವಿ ತಾ ಅಂದಾವ ನಾನು. ಮಾಮಾಂದಲ್ಲ, ಗುಡಿಯವ್ರದಲ್ಲ. ಇದು ಝೆಂಡಾ ಊರಿದ್ದಲ್ಲ, ಈಗ ನಿಂತಿರೂ ಜಾಗಾ ಗಡೀನೂ ಅಲ್ಲ. ಅಂದಾಜ. ಮೋಜಣಿ ಅರ್ಧಕ್ಕ ನಿಂತೈತಿ, ಅದಕ್ಕ ಕೋಲೂ ನಿಂತೈತಿ. ನಾ ಕೆಲಸಾ ಮುಂದುವರಸ್ತೀನಿ. ಕೋಲ ಹಿಡಿಯೂದು ಮಾತ್ರ ಇನ್ನ ಮಾಮಾ ಅಲ್ಲ. ಗೌಡ್ರು, ಮುತವಲ್ಲಿಯವ್ರು, ಇಬ್ಬರ ಹಿಡೀಬೇಕು. ಉಳದವ್ರೆಲ್ಲಾ ರಸ್ತೆಕ ಹೋಗ್ರಿ.”

ಯಾರೂ ಅಲುಗಲಿಲ್ಲ. ಮುತವಲ್ಲಿಯ ಬೆನ್ನ ಹಿಂದಿನಿಂದ ಒಬ್ಬರು, “ನೀವ್ಯಾಕ ಆ ಝೆಂಡಾ ಹಿಡೀತೀರಿ ಚಾಚಾ?” ಎಂದರು. ಗೌಡರು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು, “ಮೊದಲ ಹೇಳ್ರಿ, ಗೆರಿ ಎಲ್ಲಿ ಬೀಳತೈತಿ?”

“ನನಗೂ ಗೊತ್ತಿಲ್ರಿ.”

“ಗೊತ್ತಿದ್ರ?”

“ಗೊತ್ತಿದ್ರೂ ಹೇಳಂಗಿಲ್ಲ. ಕೋಲ ಹೇಳಬೇಕು.”

ಅವರು ಛತ್ರಿಯನ್ನು ಕಾರ್ಯದರ್ಶಿಯ ಕೈಗೆ ತುರುಕಿ ಹುಲ್ಲಿಗೆ ಇಳಿದರು. ಮುತವಲ್ಲಿ ಆಗಲೇ ಕೋಲಿನ ಹತ್ತಿರ ಹೋಗಿದ್ದರು. ಅಲ್ಲಿ ಅವರು, “ನೀವು ಮ್ಯಾಲ ಹಿಡೀರಿ, ಅರಿವಿ ಇದ್ದಲ್ಲೆ. ನಾ ಬುಡಾ ಹಿಡೀತೀನಿ,” ಎಂದರೆಂದು ಮಾಮಾ ಆಮೇಲೆ ಹೇಳಿದರು. 

ಫೌಜದಾರರು ಒಬ್ಬ ಪೇದೆಯನ್ನು ಊರ ಬಾಯಿಗೆ ಕಳಿಸಿದರು. ನಾನು ಮೂಡಣ ಕಲ್ಲಿನ ಮೇಲೆ ನಿಂತೆ. ಎರಡೂವರೆ ಆಗಿತ್ತು.

ಬಲಗೈ ಚಾಚಿದೆ. ಬಲಕ್ಕೆ, ಅಂದರೆ ಉತ್ತರಕ್ಕೆ ಸರಿಯಿರಿ ಎಂದು. ಅವರು ಎಡಕ್ಕೆ ಸರಿದರು. ನಾನು ಎರಡೂ ಕೈ ಆಡಿಸಿದೆ. ಅವರು ನಿಂತರು.

“ಆ ಕಡೆ ಅಂದಾರ್ರಿ!” ಮಾಮಾ ಕೂಗಿದರು.

“ಅವರ ಬಲಾನೋ ನಮ್ಮ ಬಲಾನೋ?” ಗೌಡರು.

“ಗುಡಿ ಕಡೆ, ಗುಡಿ ಕಡೆ!”

ಕೋಲು ಉತ್ತರಕ್ಕೆ ನಡೆಯಿತು. ಒಂದು ಹೆಜ್ಜೆ. ಇನ್ನೊಂದು. ವಾಲಿತ್ತು.

“ಗೌಡ್ರ, ಸೊಟ್ಟ ಹಿಡದೀರಿ.”

“ಬುಡ ನಿಮ್ಮ ಕೈಯಾಗೈತಿ, ಸೊಟ್ಟ ನನಗ ಅಂತೀರಿ.”

“ಬುಡ ನೆಟ್ಟಗೈತಿ. ತಲೀನ ವಾಲೇತಿ.”

“ನನ್ನ ತಲೀನೋ, ಕೋಲಿಂದೋ?”

ರಸ್ತೆಯ ಮೇಲೆ ಯಾರೋ ನಕ್ಕರು. ಯಾವ ಕಡೆಯವರೋ ತಿಳಿಯಲಿಲ್ಲ. ನಗು ಬೇಗ ನಿಂತಿತು, ಏಕೆಂದರೆ ಕೋಲು ಉತ್ತರಕ್ಕೆ ಹೋದಷ್ಟೂ ಗುಡಿಯ ಹೊಲ ಕಡಿಮೆಯಾಗುತ್ತದೆ ಎಂಬುದು ಎಲ್ಲರಿಗೂ ಹೊಳೆದಿತ್ತು. ಕಾರ್ಯದರ್ಶಿ ಹುಲ್ಲಿನ ಅಂಚಿಗೆ ಬಂದು ಚೀರಿದ, “ಗೌಡ್ರ! ನಿಮ್ಮ ಕೈಯಿಂದನ ನಮ್ಮ ಹೊಲಾ ಕೊಡಾಕತ್ತೇರಿ!”

ಗೌಡರು ತಿರುಗಲಿಲ್ಲ. “ಕಣ್ಣ ಮೋಜಣಿಯವ್ರದು. ನಂದು ಕೈ ಅಷ್ಟ. ಸುಮ್ನ ನಿಂದರ ನೀ.”

ಕೋಲು ಕಬರುಗಳ ಹತ್ತಿರ ಬಂತು. ಎರಡೂ ಕಬರು ಉತ್ತರ ದಕ್ಷಿಣವಾಗಿ ಮಲಗಿದ್ದವು, ನಡುವೆ ಎರಡು ಅಡಿ ಜಾಗ. ಕೋಲು ಅವುಗಳ ಕಾಲಿನ ಕಡೆಯಿಂದ ನಡುವಿನ ಜಾಗಕ್ಕೆ ಸೇರಿತು. ನನಗೆ ಇನ್ನೂ ಸಾಲು ಸಿಕ್ಕಿರಲಿಲ್ಲ. ಇನ್ನೊಂದು ಹೆಜ್ಜೆ. ಈಗ ಸಾಲು ಸಿಕ್ಕಿತು. ಪಡುವಣದ ಕೋಲು ನಡುವಿನ ಕೋಲಿನ ಹಿಂದೆ ಅಡಗಿತು. ಹುಡುಕಿದರೆ ಕೂದಲೆಳೆ ತಪ್ಪಿಲ್ಲ. ಆದರೆ ಕೋಲು ನಿಂತದ್ದು ಎರಡು ಕಬರುಗಳ ಸೊಂಟದ ಹತ್ತಿರ.

ನನ್ನ ಬಲಗೈ ಇನ್ನೂ ಚಾಚಿಯೇ ಇತ್ತು. ಇಳಿಸಿದರೆ ಅದೇ ಗಡಿ. ಇಳಿಸದೆ ಇನ್ನು ಎರಡು ಸಲ ಆಡಿಸಿದರೆ ಕೋಲು ನಾಲ್ಕಡಿ ಮುಂದೆ ಹೋಗಿ, ಕಬರು ಪೂರ್ತಿ ಕಬರಸ್ತಾನಕ್ಕೆ ಬೀಳುತ್ತದೆ. ಮಗ ತಂದೆಗೆ ಮಣ್ಣು ಕೊಡುತ್ತಾನೆ. ದೇಸೂರು ದಾಟಿ ಬರುತ್ತಿರುವ ಗಾಡಿಗಳಿಗೆ ಇಲ್ಲಿ ಕೆಲಸವಿರುವುದಿಲ್ಲ. ಆ ಹುಲ್ಲಿನಲ್ಲಿ ನನ್ನ ಕಣ್ಣು ನೋಡಿದ್ದು ನನಗೆ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಖರೇ ಹೇಳುತ್ತೇನೆ, ನಾನು ಕೈ ಇಳಿಸಲು ತಡಮಾಡಿದೆ. ನಾಲ್ಕಡಿ ಸುಳ್ಳು ಹೇಳಿ ಒಂದು ಊರನ್ನು ಉಳಿಸಿದರೆ ಯಾವ ದೇವರು ಬೈಯುತ್ತಾನೆ ಎಂದೂ ಅನ್ನಿಸಿತು. ಆದರೆ ನಾಳೆ ಇನ್ನೊಬ್ಬ ಮೋಜಣಿಯವನು ಬಂದು ಅದೇ ಸರಪಳಿ ಎಳೆದರೆ ಆ ನಾಲ್ಕಡಿ ಹೊರಗೆ ಬೀಳುತ್ತದೆ. ಆಗ ಸುಳ್ಳಾಗುವವನು ನಾನೊಬ್ಬನೇ ಅಲ್ಲ. ತಮ್ಮ ಕೈಯಿಂದ ಕೋಲು ಹಿಡಿದ ಆ ಇಬ್ಬರು ಮುದುಕರೂ ತಮ್ಮ ತಮ್ಮ ಜನರ ಮುಂದೆ ಸುಳ್ಳಾಗುತ್ತಾರೆ.

ಕೈ ಇಳಿಸಿದೆ.

ನಾನು ನಡೆದು ಹೋಗುವಷ್ಟರಲ್ಲಿ ಎಲ್ಲರೂ ಅಲ್ಲಿ ಸೇರಿದ್ದರು. ಫೌಜದಾರರು ನನ್ನ ಮುಖ ನೋಡಿ, “ಹೇಳ್ರಿ,” ಎಂದರು.

“ಗಡಿ ಇದ. ಕಬರಿನ ಅರ್ಧ ಗುಡಿ ಹೊಲದಾಗ ಬರತೈತಿ, ಅರ್ಧ ಕಬರಸ್ತಾನದಾಗ. ಹಳೇದೂ ಅಷ್ಟ, ಹೊಸದೂ ಅಷ್ಟ.”

ಕಾರ್ಯದರ್ಶಿ ಚಪ್ಪಾಳೆ ತಟ್ಟಿದ. “ಕೇಳಿದ್ರ್ಯಾ? ನಾ ಅಂದಿಲ್ಲ ನಮ್ಮ ಹೊಲದಾಗ ಕುಣಿ ತಗದಾರಂತ!”

ಮುತವಲ್ಲಿ ಕೋಲಿನ ಬುಡ ಬಿಡದೆ ಹಾಗೆಯೇ ಕುಕ್ಕರು ಕುಳಿತರು. ಮಗ ಮುಂದೆ ಬಂದ. ಅವನಿಗೆ ಜಗಳವಾಡುವ ಶಕ್ತಿಯೂ ಉಳಿದಿರಲಿಲ್ಲ. “ಬ್ಯಾರೆ ಕಡೆ ತಗೀತೀವಿ ಬಿಡ್ರಿ,” ಎಂದ. “ಅಬ್ಬಾಗ ನಾ ಹೇಳ್ಕೋತೀನಿ.” ಅದನ್ನು ಹೇಳಿ ಅವನು ಹೊಸ ಕುಣಿಯ ಮಣ್ಣನ್ನು ಕಾಲಿನಿಂದ ಒಳಕ್ಕೆ ದೂಡತೊಡಗಿದ. 

“ಏ, ನಿಂದರೋ,” ಎಂದರು ಗೌಡರು. ಅವರ ಕೈ ಇನ್ನೂ ಬಟ್ಟೆಯ ಕೆಳಗೆ, ಕೋಲಿನ ಮೇಲೆಯೇ ಇತ್ತು. ನನ್ನ ಕಡೆ ನೋಡಿದರು. “ತಲಿ ಯಾವ ಕಡೆ ಬರತೈತಿ ಇವರದು?”

“ಉತ್ತರಕ್ಕ. ಗುಡಿ ಹೊಲದಾಗ.”

“ಅಂದ್ರ ತಲಿ ನಮ್ಮ ಕಡೆ, ಕಾಲ ಇವರ ಕಡೆ.” ಗೌಡರು ಕುಣಿಯತ್ತ ಕೈ ತೋರಿಸಿದರು. “ಇದ್ದಾಗೂ ಅಂವ ಹಂಗ ಇದ್ದ. ಮಲಗಾಕ ಇವರ ಓಣಿ, ಮಾತಾಡಾಕ ನಮ್ಮ ಕಟ್ಟಿ. ಎದ್ದ ಹೋಗೋ ಮಾರಾಯಾ ಅಂದ್ರೂ ಹೋಗ್ತಿದ್ದಿಲ್ಲ.”

“ಗೌಡ್ರ, ಇದು ಮಾತಲ್ಲ, ಜಾಗಾದ ಪ್ರಶ್ನೆ,” ಎಂದ ಕಾರ್ಯದರ್ಶಿ.

“ಜಾಗಾದ ಪ್ರಶ್ನೆನ ಮಾತಾಡ್ತೀನಿ.” ಗೌಡರ ದನಿ ಗಟ್ಟಿಯಾಯಿತು. ಅವರೇನು ಸಂತರಲ್ಲ, ಪಕ್ಕಾ ಹೊಲಮನೆಯ ಮನುಷ್ಯ. “ಮುತವಲ್ಲಿಯವ್ರ, ಕೇಳ್ರಿ. ಇವತ್ತ ಮಣ್ಣ ಕೊಡ್ರಿ, ತೋಡಿದಲ್ಲೇ ಕೊಡ್ರಿ. ಆದ್ರ ಹೊಲಾ ಬಿಟ್ಟ ಕೊಟ್ಟೀವಿ ಅಂತಲ್ಲ. ಕಂಪೌಂಡ್ ಮಾತ ಇಲ್ಲಿಗೇ ನಿಂದರಬೇಕು. ಇಬ್ಬರೂ ಕುಂತ ಒಂದ ಮಾತಿಗೆ ಬರೂತನಾ ಒಂದ ಇಟ್ಟಂಗಿ ಇಡಂಗಿಲ್ಲ. ಬರದ ಕೊಡ್ತೀರೇನು?”

ಮುತವಲ್ಲಿ ತಲೆ ಎತ್ತಿ ಅವರನ್ನೇ ನೋಡಿದರು. ಕಂಪೌಂಡಿಗಾಗಿ ಅವರು ವರ್ಷಗಟ್ಟಲೆ ಓಡಾಡಿದ್ದು ನನಗೆ ಗೊತ್ತಿತ್ತು. ಹಿಂದಿನಿಂದ ಅವರ ಜನವೇ ಬೇಡ ಬೇಡ ಎನ್ನುತ್ತಿತ್ತು. “ಬರೀರಿ ಸಾಹೇಬ್ರ,” ಎಂದರು.

“ಮೊದಲ ಕೋಲ ರಸ್ತೆಕ ಹೋಗ್ಲಿ,” ಎಂದೆ. “ಕೆಲಸಾ ಇನ್ನೂ ಮುಗದಿಲ್ಲ.”

ಉಳಿದ ಮೂರು ಸರಪಳಿಯನ್ನು ಹಾಗೆಯೇ ನಡೆದೆವು. ಪ್ರತಿ ಮೂವತ್ತಮೂರು ಅಡಿಗೆ ಇಬ್ಬರೂ ಕೋಲು ನಿಲ್ಲಿಸುವರು, ನಾನು ಹಿಂದಿನಿಂದ ಸಾಲು ನೋಡುವೆ, ಮಾಮಾ ಅಲ್ಲಿ ಒಂದು ಗೂಟ ಬಡಿಯುವರು. ಕೊನೆಗೆ ಕೋಲು ರಸ್ತೆಯ ಏರಿಗೆ ಹತ್ತಿತು. ಗೌಡರೇ ಗಂಟು ಬಿಚ್ಚಿ, ಬಟ್ಟೆಯನ್ನು ಮಡಚಿ ತಮ್ಮ ಅಂಗಿಯ ಒಳಗಿಟ್ಟುಕೊಂಡರು.

ನಾನು ಜೀಪಿನ ಮುಂಭಾಗದ ಮೇಲೆ ಕಾಗದ ಹರಡಿ ಪಂಚನಾಮೆ ಬರೆಯುತ್ತಿದ್ದಾಗ ಊರ ಬಾಯಿಯಲ್ಲಿ ಹಾರ್ನ್ ಕೇಳಿಸಿತು. ಎರಡು ಜೀಪು, ಐದಾರು ಬೈಕು. ಫೌಜದಾರರು ಅಡ್ಡ ನಿಂತರು. ಅವರಿಗಿಂತ ಮೊದಲು ಗೌಡರು ಹೋಗಿದ್ದರು, ಮುತವಲ್ಲಿ ಅವರ ಹಿಂದೆ. ನನಗೆ ಕೇಳಿಸಿದ್ದು ಗೌಡರ ಒಂದು ಮಾತು. “ಯಾರ ಕರದಾರ ನಿಮ್ಮನ್ನ? ಮಣ್ಣಿಗೆ ಬಂದಿದ್ರ ಚಪ್ಪಲಿ ಬಿಟ್ಟ ಬರ್ರಿ. ಇಲ್ಲಂದ್ರ ಹೊರಳಸ್ರಿ ಗಾಡಿ.” ಅಷ್ಟರಲ್ಲಿ ಓಣಿಯಿಂದ ಜನಾಜಾ ಬರುತ್ತಿತ್ತು. ಹೆಗಲ ಮೇಲೆ ಬರುವ ಶವದ ಎದುರು ಬೈಕಿನ ಸದ್ದು ಮಾಡುವ ಧೈರ್ಯ ಯಾರಿಗೂ ಆಗಲಿಲ್ಲ. ಒಂದೊಂದೇ ಇಂಜಿನು ಆರಿತು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಮಗ ತಂದೆಯನ್ನು ತಾಯಿಯ ಪಕ್ಕದಲ್ಲಿ ಇಳಿಸಿದ. ಮಾಮಾ ಹೋಗಿ ಮೂರು ಹಿಡಿ ಮಣ್ಣು ಹಾಕಿ ಬಂದರು. ನಾನು ಬರೆಯುತ್ತಲೇ ಇದ್ದೆ. ಗೌಡರು, ಮುತವಲ್ಲಿ, ಮಗ, ಫೌಜದಾರರು ಸಹಿ ಹಾಕಿದರು. ಕಾರ್ಯದರ್ಶಿ ಹಾಕಲಿಲ್ಲ. ಗೌಡರ ಛತ್ರಿಯನ್ನು ಜೀಪಿಗೆ ಆನಿಸಿಟ್ಟು ಹೊರಟುಹೋಗಿದ್ದ.

ಮನೆಗೆ ಬಂದರೆ ಮನೆಯಾಕೆಯ ಫೋನಿನಲ್ಲಿ ಆ ಚಿತ್ರ ನನಗಿಂತ ಮೊದಲೇ ಬಂದು ಕುಳಿತಿತ್ತು. ಕೋಲಿನ ಮುಂದೆ ನಾನೇ ನಿಂತಿದ್ದೆ, ಏನೋ ಘನಕಾರ್ಯ ಮಾಡಿದವನ ಹಾಗೆ. ಕಚೇರಿಯಿಂದ ವಿವರಣೆ ಕೇಳಿ ಪತ್ರ ಬಂತು. ಬಾವುಟ ಮರೆತದ್ದನ್ನು, ಬಟ್ಟೆ ತರಿಸಿದ್ದನ್ನು, ನೋಡಿಯೂ ನೋಡದೆ ಹೋದದ್ದನ್ನು ಇದ್ದ ಹಾಗೆ ಬರೆದುಕೊಟ್ಟೆ. ಎಚ್ಚರಿಕೆ ಕೊಟ್ಟು ಬಿಟ್ಟರು. ಅದು ನನಗೆ ಸಲ್ಲಬೇಕಾದದ್ದೇ.

ಚಳಿಗಾಲ ಕಳೆದು ಬಿಸಿಲು ಹತ್ತಿದ ಮೇಲೆ ಇಬ್ಬರೂ ಹಿರಿಯರು ಖಾನಾಪುರದ ಭೂಮಾಪನ ಕಚೇರಿಗೆ ಒಟ್ಟಿಗೆ ಬಂದು ಒಪ್ಪಿಗೆ ಪತ್ರ ಕೊಟ್ಟರು. ಕಂಪೌಂಡಿನ ಗೋಡೆ ಆ ಎರಡು ಕಬರುಗಳನ್ನು ಬಳಸಿಕೊಂಡು ಗುಡಿ ಹೊಲದೊಳಗೆ ಐದಡಿ ಹೋಗಿ ಮತ್ತೆ ಗೆರೆಗೆ ಬರುತ್ತದೆ. ಅದಕ್ಕೆ ಬದಲಾಗಿ ರಸ್ತೆಯ ಮಗ್ಗುಲಲ್ಲಿ ಅಷ್ಟೇ ಜಾಗವನ್ನು ಜಮಾತಿನವರು ಗುಡಿಯ ಟ್ರ್ಯಾಕ್ಟರ್ ತಿರುಗಲು ಬಿಡುತ್ತಾರೆ. ಬುನಾದಿಗೆ ಸುಣ್ಣದ ಗೆರೆ ಹಾಕಲು ಮತ್ತೆ ನಾನೇ ಹೋದೆ. ಗೋಡೆ ಎದ್ದ ಮೇಲೆ ಗಡಿಗೆ ಸರಿಯಿದೆಯೇ ಎಂದು ನೋಡಲು ಇನ್ನೊಮ್ಮೆ ಹೋದಾಗ ಬೆಳಗಿನ ಏಳು ಗಂಟೆ. ಹೊಸ ಗೋಡೆಗೆ ನೀರು ಹೊಡೆಯುವ ದಿನಗಳು. ಕಬರಸ್ತಾನದಲ್ಲಿ ನೀರಿಲ್ಲ. ಗುಡಿಯ ಬೋರ್‌ವೆಲ್‌ನಿಂದ ಹೊಲದ ಅಡ್ಡಕ್ಕೆ ಒಂದು ಕಪ್ಪು ಪೈಪು ಬಂದಿತ್ತು. ಆ ವಾರ ಮೋಟರಿಗೆ ಕರೆಂಟು ಬೆಳಗಿನ ಎರಡು ತಾಸು ಮಾತ್ರವಂತೆ. ಕಾರ್ಯದರ್ಶಿ ಮೋಟರು ಹಚ್ಚಿ, ಪೈಪಿನ ತುದಿ ಹಿಡಿದು ಗೋಡೆಯ ಉದ್ದಕ್ಕೂ ನೀರು ಬಿಡುತ್ತಿದ್ದ. ಗೋಡೆ ತಿರುವಿನ ಹತ್ತಿರ ಬಂದಾಗ ಆಚೆ ಬದಿಗೆ ನಿಂತಿದ್ದ ಮುತವಲ್ಲಿಗೆ ಪೈಪನ್ನು ಗೋಡೆಯ ಮೇಲಿಂದ ದಾಟಿಸಿದ. ಒಳಬದಿಗೆ ಅವರು ನೀರು ಹೊಡೆದರು.